ರಗ್ಬಿ ಮೈದಾನದಲ್ಲಿ ಸಭಾ ಕಾರ್ಯಕ್ರಮ

ಮೈಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆ ದೋಹಾ ಅಲ್ ಜದೀದಾದ ಅಂಗಡಿಯೊಂದರಲ್ಲಿ ಮಕ್ಕಳು ಆಡುವ ಗುಲಾಬಿ ಬಣ್ಣದ ಮೈಕೊಂದನ್ನು ನೇತುಹಾಕಿದ್ದರು. ಅದನ್ನೂ ಬಿಡಲಿಲ್ಲ ನಾನು. ಎರಡು ಸಲ ಬೆರಳಿನಿಂದ ತಟ್ಟಿ, ಗಂಟಲು ಸರಿಮಾಡಿಕೊಂಡು, ‘ಹಲೋ, ಹಲೋ’ ಎಂದೇಬಿಟ್ಟೆ. ಅಂಗಡಿಯ ಮಲಯಾಳಿ, "ಚೇಟಾ, ಅದರಲ್ಲಿ ಬ್ಯಾಟರಿ ಇಲ್ಲ" ಎಂದ. ನನ್ನ ಹೆಂಡತಿ ಪ್ರೇಮಾ ನನ್ನ ಗುರುತೇ ಇಲ್ಲದವಳ ಹಾಗೆ ಪಾತ್ರೆಗಳ ಸಾಲಿನ ಕಡೆ ನಡೆದುಬಿಟ್ಟಳು. ಮದುವೆಯಾದ ಮೇಲೆ ಅವಳು ಹೀಗೆ ಎಷ್ಟು ಸಲ ನಡೆದುಹೋಗಿದ್ದಾಳೋ, ಪಾಪ.

ಇದು ನನಗೆ ಅಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿಯೇನೂ ಬರಲಿಲ್ಲ. ಮೂಲ್ಕಿಯಲ್ಲಿ ಅಪ್ಪನದು ಬಾಡಿಗೆಗೆ ಮೈಕ್ ಸೆಟ್ ಕೊಡುವ ಅಂಗಡಿ. ಅಂಗಡಿಯಲ್ಲಿ ಹಿಡಿಯದ ಲೌಡ್‌ಸ್ಪೀಕರ್ ಹಾರ್ನುಗಳೆಲ್ಲ ಮನೆಯ ಮಂಚದ ಕೆಳಗೆ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದವು. ನಾನೂ ಅಕ್ಕನೂ ಅವುಗಳೊಳಗೆ ತಲೆ ತೂರಿಸಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೆವು. ಹಾರ್ನಿನೊಳಗೆ ಬೈದರೆ ಬೈಗುಳಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಅಮ್ಮನಿಗೆ ಮಾತ್ರ ಆ ಹಾರ್ನುಗಳ ಮೇಲೆ ಒಂಚೂರೂ ಗೌರವವಿರಲಿಲ್ಲ, ಮಳೆಗಾಲದಲ್ಲಿ ಅವುಗಳ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದಳು.

ಅಪ್ಪನ ಮೈಕು ಹೆಚ್ಚಾಗಿ ಹೋಗುತ್ತಿದ್ದುದು ವಾಲಿಬಾಲ್ ಮತ್ತು ಕಬಡ್ಡಿ ಪಂದ್ಯಾಟಗಳಿಗೆ. ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆ ಕೊಯ್ಲಾದ ಮೇಲೆ ಗಾಳಿಮರದ ಕಂಬ ಹುಗಿದು, ಟ್ಯೂಬ್‌ಲೈಟ್ ಕಟ್ಟಿ, ಮಣ್ಣಿಗೆ ನೀರು ಹಾಕಿ ಗುದ್ದಿ ಅಂಕಣ ಮಾಡುವುದು. ಗೆದ್ದವರಿಗೆ ಕಪ್ಪು, ಜತೆಗೆ ಒಂದು ಬಾಳೆಗೊನೆ. ಈ ಪಂದ್ಯಾಟಗಳಿಗೆ ದುಡ್ಡು ಯಾರ ಬಳಿಯೂ ಇರುತ್ತಿರಲಿಲ್ಲ, ಆದರೆ ಎಲ್ಲವೂ ಇರುತ್ತಿತ್ತು. ಒಬ್ಬರು ಲಿಂಬೆ ಕೊಟ್ಟರೆ ಇನ್ನೊಬ್ಬರು ಶರಬತ್ತಿಗೆ ಸಕ್ಕರೆ, ಮತ್ತೊಬ್ಬರು ಚೆಂಡು. ಇವರೆಲ್ಲರ ಹೆಸರನ್ನೂ ಅಪ್ಪ ಮೈಕಿನಲ್ಲಿ ಮನೆತನದ ಸಮೇತ ಹೇಳುತ್ತಿದ್ದರು. ಲಿಂಬೆ ಕೊಟ್ಟವನ ಹೆಸರು ಇಷ್ಟೊಂದು ಸಲ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಅವನ ಹೆಸರು ಅವನಿಗೆ ಹೇಗೂ ಗೊತ್ತುಂಟು ಮಾರಾಯ. ಅವನ ಹೆಂಡತಿಗೆ ಕೇಳ್ಬೇಕು" ಎಂದಿದ್ದರು.

ಇನ್ನೊಂದು ಪದ್ಧತಿ, ಸಭಾ ಕಾರ್ಯಕ್ರಮ. ಸೆಮಿಫೈನಲ್ ಮುಗಿದು ಫೈನಲ್ ಶುರುವಾಗುವ ಮೊದಲು ವೇದಿಕೆಯ ಮೇಲೆ ಕುರ್ಚಿ ಹಾಕಿ, ಪ್ರಾರ್ಥನೆ, ದೀಪ, ಸ್ವಾಗತ, ದಾನಿಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಪ್ರತಿಯೊಬ್ಬರದೂ ‘ಎರಡು ಮಾತು’. ಫೈನಲ್‌ಗಿಂತ ಮೊದಲೇ ಯಾಕೆಂದರೆ, ಫೈನಲ್ ಮುಗಿದ ಮೇಲೆ ಭಾಷಣ ಕೇಳಲು ನಾಯಿಯೂ ನಿಲ್ಲುವುದಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ದೊಡ್ಡವರು, ಅಂದರೆ ಅಧ್ಯಕ್ಷರು, ಕೊನೆಗೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಅದಲುಬದಲು ಮಾಡಿ ನೋಡಿ, ಆಗ ಗೊತ್ತಾಗುತ್ತದೆ ನಿಮಗೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಪದ್ಧತಿಯನ್ನು ನಾನು ಹೋದ ಚಳಿಗಾಲದಲ್ಲಿ ಕತಾರಿನ ಒಂದು ರಗ್ಬಿ ಲೀಗ್ ಕಪ್ಪಿಗೆ ತಗಲಿಹಾಕಿದೆ. ಈಗ ನೆನೆಸಿಕೊಂಡು ನಗುತ್ತೇನೆ. ಅವತ್ತು ಸಂಜೆ ಜೀವ ಬಾಯಿಗೆ ಬಂದಿತ್ತು.

ನಾನಿರುವುದು ದೋಹಾದ ಬಿನ್ ಒಮ್ರಾನಿನಲ್ಲಿ, ಕೆಲಸ ಹಮದ್ ಬಂದರಿನಲ್ಲಿ, ಕಂಟೇನರುಗಳ ಕಾಗದಪತ್ರ ನೋಡುವುದು. ರಗ್ಬಿಗೂ ನನಗೂ ಎತ್ತಣಿಂದೆತ್ತ ಸಂಬಂಧ ಅಂತ ಪ್ರೇಮಾ ಈಗಲೂ ಕೇಳುತ್ತಾಳೆ. ನಮ್ಮ ಊರ ಕಡೆಯ ಹುಡುಗರು, ಎಸಿ ರಿಪೇರಿಯವರು, ಬಂದರಿನವರು, ಬೆಂಗಳೂರಿನ ಒಂದಿಬ್ಬರು ಬ್ಯಾಂಕಿನವರು, ಶನಿವಾರ ಬೆಳಿಗ್ಗೆ ಒಂದು ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಕಬಡ್ಡಿ ಆಡುತ್ತಿದ್ದರು. ಆ ಶಾಲೆಯ ವ್ಯಾಯಾಮ ಮೇಷ್ಟ್ರು ಕ್ರೇಗ್, ಆಸ್ಟ್ರೇಲಿಯಾದವನು. ಬೇಲಿಯಾಚೆ ನಿಂತು ನಮ್ಮ ದಿನೇಶ ಒಬ್ಬನ ಕಾಲು ಹಿಡಿದು ಕೆಡವಿದ್ದನ್ನು ನೋಡಿದ್ದೇ ತಡ, ಬೇಲಿ ಹಾರಿ ಬಂದುಬಿಟ್ಟ. ಅವನು ಇಲ್ಲಿ ರಗ್ಬಿ ಲೀಗ್ ನಡೆಸುತ್ತಿದ್ದ. ದೊಡ್ಡ ದುಡ್ಡಿನ ತಂಡಗಳಲ್ಲ, ಲೆಬನಾನಿನವರದೊಂದು, ಫಿಲಿಪಿನೋಗಳದೊಂದು, ಮೇಷ್ಟ್ರುಗಳದೊಂದು, ಹೀಗೆ ಕೆಲಸ ಮುಗಿಸಿ ಬಂದು ಆಡುವವರ ಕ್ಲಬ್ಬುಗಳು. ನಮ್ಮವರದೂ ಒಂದು ಸೇರಿತು.

ಆಟ ಬಹಳ ಕಷ್ಟದ್ದೇನಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದುಕೊಂಡು ಎದುರಿನವರ ಗೆರೆ ದಾಟಿ ನೆಲಕ್ಕೆ ಒತ್ತಬೇಕು, ಅದಕ್ಕೆ ನಾಲ್ಕು ಅಂಕ. ಆರು ಸಲ ಹಿಡಿದು ಕೆಡವಿದರೆ ಚೆಂಡು ಅವರ ಪಾಲು. ಕೈಯಿಂದ ಎಸೆದರೆ ಹಿಂದಕ್ಕೇ ಎಸೆಯಬೇಕು. ಹಿಡಿಯುವುದರಲ್ಲಿ ನಮ್ಮ ಹುಡುಗರು ಮೊದಲ ದಿನವೇ ಹುಲಿಗಳು. ಆದರೆ ಓಡುವುದರಲ್ಲಿ ಒಂದು ಎಡವಟ್ಟಾಯಿತು. ಮೊದಲ ಪಂದ್ಯದಲ್ಲಿ ದಿನೇಶ ಚೆಂಡು ಹಿಡಿದು ಮಿಂಚಿನ ಹಾಗೆ ನುಗ್ಗಿ, ಎದುರಿನ ಫಿಲಿಪಿನೋ ಒಬ್ಬನ ಭುಜ ಮುಟ್ಟಿ, ಅಷ್ಟೇ ವೇಗದಲ್ಲಿ ತಿರುಗಿ ನಮ್ಮ ಕಡೆಗೇ ಓಡಿಬಂದ. ಮುಟ್ಟಿದ ಮೇಲೆ ಮನೆಗೆ ಬರಬೇಕಲ್ಲ, ಕಬಡ್ಡಿಯ ರಕ್ತ! ಕ್ರೇಗ್ ಸೀಟಿ ಊದುವುದನ್ನೇ ಮರೆತು ನಿಂತಿದ್ದ. ಈಗ ಅದೇ ದಿನೇಶ ನಮ್ಮ ಕ್ಯಾಪ್ಟನ್.

ಕಪ್ಪಿನ ಖರ್ಚು ನೋಡಿಕೊಳ್ಳುತ್ತಿದ್ದ ಒಂದು ಕಂಪೆನಿ ಹೋದ ವರ್ಷ ಕೈ ಎತ್ತಿತು. ಕ್ರೇಗ್ ಎಲ್ಲ ಕ್ಲಬ್ಬಿನವರನ್ನೂ ಕರಕ್ ಚಹಾದ ಅಂಗಡಿಗೆ ಕರೆದು, ಈ ಸಲ ಕಪ್ಪಿಲ್ಲ ಎಂದ. ಕಪ್ಪಿಲ್ಲದಿದ್ದರೆ ತಂಡಗಳು ಉಳಿಯುವುದಿಲ್ಲ, ಒಬ್ಬೊಬ್ಬರೇ ಜಿಮ್ಮಿಗೆ ಹೋಗುತ್ತಾರೆ ಎಂದೂ ಹೇಳಿದ. ಅವನ ಮುಖ ನೋಡುವುದು ಕಷ್ಟವಾಗಿತ್ತು. ದಿನೇಶನ ಮುಖ ಅದಕ್ಕಿಂತ ಕಷ್ಟವಾಗಿತ್ತು. ನಾನು ಎದ್ದು ನಿಂತು, "ಕಪ್ಪು ಆಗ್ತದೆ. ನಾನಿದ್ದೇನೆ" ಎಂದುಬಿಟ್ಟೆ. ಕೈಯಲ್ಲಿ ಚಹಾದ ಲೋಟವಿತ್ತು, ಅದನ್ನೇ ಮೈಕಿನ ಹಾಗೆ ಹಿಡಿದಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

"ಯಾರನ್ನು ಕೇಳಿ ಹೇಳಿದ್ರಿ?" ಮನೆಯಲ್ಲಿ ಪ್ರೇಮಾ ಕೇಳಿದಳು.

"ಯಾರನ್ನೂ ಕೇಳಲಿಲ್ಲ."

"ಚಂದ ಆಯ್ತು."

ಇಲ್ಲಿ ಡಬ್ಬಿ ಹಿಡಿದುಕೊಂಡು ಚಂದಾ ಎತ್ತುವಂತಿಲ್ಲ, ಎತ್ತಲೂಬಾರದು. ಹಾಗಾಗಿ ನಾನು ಮೂಲ್ಕಿಯ ದಾರಿ ಹಿಡಿದೆ. ದುಡ್ಡು ಬೇಡ, ವಸ್ತು ಕೊಡಿ ಎಂದೆ. ಹೋಟೆಲಿನವರೊಬ್ಬರು ಬಿರಿಯಾನಿ ಒಪ್ಪಿಕೊಂಡರು. ಒಬ್ಬರು ನೀರು, ಒಬ್ಬರು ಗೋಲು ಕಂಬಕ್ಕೆ ಸುತ್ತುವ ಸ್ಪಂಜು, ಒಬ್ಬರು ಶಾಮಿಯಾನ. ಇಲ್ಲಿನ ನಮ್ಮ ಕನ್ನಡಿಗರ ಸಂಘದ ಖಜಾಂಚಿ ಮಂಜುನಾಥ್ ಸರ್, ಮೈಸೂರಿನವರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಡುತ್ತೇನೆಂದರು. "ಆಟ ನೋಡಿದ್ರೆ ಅದೊಂದೇ ಸಾಕಾಗಲ್ಲ ಕಣ್ರೀ, ಒಂದು ಆಸ್ಪತ್ರೆ ಬೇಕು" ಎಂದೂ ಸೇರಿಸಿದರು. ಉಳಿದದ್ದು ದೊಡ್ಡ ಖರ್ಚುಗಳು. ಮೈದಾನ, ಆಂಬುಲೆನ್ಸು, ಚೆಂಡುಗಳು, ಕಪ್ಪು.

ಅದಕ್ಕೆ ಒಬ್ಬರೇ ಇದ್ದದ್ದು, ಶೇಖರಣ್ಣ. ಬಂದರಿನಿಂದ ಕಂಟೇನರು ಸಾಗಿಸುವ ಟ್ರೇಲರುಗಳ ಮಾಲೀಕರು, ಕಾಪುವಿನವರು, ಮೊದಲೆಲ್ಲ ಕೇಳಿದ್ದಕ್ಕೆ ಇಲ್ಲ ಎಂದವರೇ ಅಲ್ಲ. ಆದರೆ ಸಂಘದ ಒಂದು ವಾರ್ಷಿಕೋತ್ಸವದಲ್ಲಿ ಅವರು ಅಧ್ಯಕ್ಷರಾಗಿದ್ದರು. ಕೊನೆಗೆ ಅವರ ಸರದಿ ಬರುವಷ್ಟರಲ್ಲಿ ಸಭಾಂಗಣದ ಬಾಡಿಗೆಯ ಹೊತ್ತು ಮುಗಿದು, ಅಲ್ಲಿನವರು ಮೈಕು ಬಂದ್ ಮಾಡಿ ಕುರ್ಚಿ ಮಡಚಲು ಶುರುಮಾಡಿದ್ದರು. ಹೊಸ ಅಂಗಿ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬಂದಿದ್ದ ಮನುಷ್ಯ, ಮಡಚಿದ ಶಾಲು ಕೈಯಲ್ಲಿ ಹಿಡಿದು ವೇದಿಕೆಯಿಂದ ಇಳಿದುಹೋದರು. ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ.

ನಾನು ಹೋಗಿ ಕೇಳಿದಾಗ ಟ್ರೇಲರಿನ ಟಯರೊಂದನ್ನು ಕಾಲಿನಿಂದ ಒತ್ತಿ ನೋಡಿದರು. ಆಮೇಲೆ, "ಕೊಡುದಕ್ಕೆ ಏನಿಲ್ಲ. ಕೊಟ್ಟದ್ದು ನನಗೆ ಯಾವತ್ತೂ ಭಾರ ಆಗ್ಲಿಲ್ಲ. ಅವತ್ತು ನನ್ನ ಮಗಳು ಕಾರಲ್ಲಿ ಕೇಳಿದಳು, ಪಪ್ಪಾ ನಿಮ್ಮನ್ನು ಯಾಕೆ ಕರೀಲೇ ಇಲ್ಲ ಅಂತ. ಎಂಥ ಹೇಳುದು ನಾನು?" ಎಂದರು.

"ಶೇಖರಣ್ಣ, ಈ ಸಲ ಇಡೀ ಮೈದಾನ ನಿಮ್ಮನ್ನು ನೋಡ್ಬೇಕು. ಆ ಜವಾಬ್ದಾರಿ ನನ್ನದು" ಎಂದೆ. ಮತ್ತೊಂದು ಮಾತು ಕೊಟ್ಟಾಯಿತು. ಮಾತು ಕೊಡುವುದರಲ್ಲಿ ನಾನು ಯಾವ ದಾನಿಗೂ ಕಡಿಮೆಯಿಲ್ಲ.

ಕ್ರೇಗಿಗೆ ಕಳಿಸಿದ ಕಾರ್ಯಕ್ರಮ ಪಟ್ಟಿಯಲ್ಲಿ ಸೆಮಿಫೈನಲ್ ಆದ ಮೇಲೆ ‘ಸಭಾ ಕಾರ್ಯಕ್ರಮ’ ಎಂದು ಇಂಗ್ಲಿಷಿನಲ್ಲಿ ಹಾಕಿದ್ದೆ. ಅವನು ಅದನ್ನು ಕೈಕುಲುಕಿ ಫೋಟೋ ತೆಗೆಯುವ ವ್ಯವಹಾರ ಎಂದು ತಿಳಿದ. ನಾನು, ಸಭೆ ಅಂದರೆ ಸಭೆ, ಇದರಲ್ಲಿ ಹೇಳುವುದೇನಿದೆ ಎಂದುಕೊಂಡೆ.

ಪಂದ್ಯಾಟದ ಶನಿವಾರ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಆದರೆ ಬೆಳಿಗ್ಗೆ ಮರಳುಗಾಳಿ ಎದ್ದು ಆಟ ನಿಂತಿತು. ಆಮೇಲೆ ಒಬ್ಬನ ಭುಜ ಕಳಚಿ ಆಂಬುಲೆನ್ಸು ಮೈದಾನಕ್ಕೆ ಬಂತು. ಎರಡನೆಯ ಸೆಮಿಫೈನಲ್ ಶುರುವಾದಾಗ ಬಿಸಿಲು ಆಗಲೇ ಹಳದಿಯಾಗಿತ್ತು. ಶಾಲೆಯ ಮೈದಾನಕ್ಕೆ ದೀಪಗಳಿಲ್ಲ, ಸೂರ್ಯ ಮುಳುಗುವಾಗಿನ ಮಗ್ರಿಬ್ ಬಾಂಗಿನ ಹೊತ್ತಿಗೆ ಗೇಟು ಹಾಕಬೇಕು ಎಂಬ ಕರಾರು. ಅತ್ತ ಶಾಮಿಯಾನದಲ್ಲಿ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪ್ರೇಮಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ದಾನಿಗಳೆಲ್ಲ ಇಸ್ತ್ರಿ ಅಂಗಿಯಲ್ಲಿ ಬಂದು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಶೇಖರಣ್ಣ, ಪಕ್ಕದಲ್ಲಿ ಅವರ ಹೆಂಡತಿ ಮತ್ತು ಅದೇ ಮಗಳು.

ಈ ಪಂದ್ಯಕ್ಕೆ ಬೇರೆಯವನು ರೆಫ್ರಿ, ಹಾಗಾಗಿ ಕ್ರೇಗ್ ಸೀಟಿ ಕುತ್ತಿಗೆಗೆ ನೇತುಹಾಕಿಕೊಂಡು ಬಂದ. "ಇಷ್ಟೊಂದು ಕುರ್ಚಿ ಯಾಕೆ?" ಎಂದ. ನಾನು ವಿವರಿಸಿದೆ. ಅವನು ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. "ಒಂದೋ ಫೈನಲ್, ಇಲ್ಲ ನಿಮ್ಮ ಮೀಟಿಂಗು. ಎರಡೂ ಆಗೋದಿಲ್ಲ ಮೇಟ್. ಹುಡುಗರು ಫೈನಲ್ ಆಡದೆ ಹೋದರೆ ಮುಂದಿನ ವರ್ಷ ಯಾರೂ ಬರೋದಿಲ್ಲ" ಎಂದ. ಒಂದು ಸೆಮಿಫೈನಲ್ ಗೆದ್ದು ಕಾಯುತ್ತಿದ್ದ ಲೆಬನಾನ್ ತಂಡದ ಕ್ಯಾಪ್ಟನ್ ಫಾದಿ ದೂರದಿಂದ, "ಯಲ್ಲಾ, ಯಲ್ಲಾ, ಹಬೀಬಿ! ಮೈ ತಣ್ಣಗಾಗ್ತಿದೆ" ಎಂದು ಕೂಗಿದ.

ಫೈನಲ್ ಬಿಟ್ಟರೆ ಕ್ಲಬ್ಬುಗಳು ಹೋದವು. ಸಭೆ ಬಿಟ್ಟರೆ ಶೇಖರಣ್ಣ ಎರಡನೆಯ ಸಲ ಮಡಚಿದ ಶಾಲು ಹಿಡಿದು ಕಾರು ಹತ್ತಬೇಕು, ಅದೂ ಅದೇ ಮಗಳ ಮುಂದೆ. ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರೋ. ಅವರ ಗದ್ದೆಗೆ ಗೇಟೇ ಇರಲಿಲ್ಲ, ಬೆಳಗಾಗುವವರೆಗೆ ಮಾತಾಡಬಹುದಿತ್ತು.

ಅಷ್ಟರಲ್ಲಿ ನಮ್ಮ ತಂಡ ಸೆಮಿಫೈನಲಿನಲ್ಲಿ ಗೆರೆ ದಾಟಿತು. ಗೆರೆ ದಾಟಿದ ಮೇಲೆ ಎರಡು ಅಂಕಕ್ಕೆ ಒಂದು ಒದೆ ಉಂಟು. ಚೆಂಡನ್ನು ನಿಲ್ಲಿಸಿ, ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ದಾಟಿಸಬೇಕು. ಚೆಂಡು ನೆಟ್ಟಗೆ ನಿಲ್ಲಲು ಒಂದು ಪ್ಲಾಸ್ಟಿಕ್ಕಿನ ಮಣೆ ಇರುತ್ತದೆ, ಅದನ್ನು ಹೊರಗಿನಿಂದ ಯಾರಾದರೂ ತಂದು ಕೊಟ್ಟು, ಒದ್ದಾದ ಮೇಲೆ ವಾಪಸು ಒಯ್ಯುತ್ತಾರೆ. ನಮ್ಮ ಬದಲಿ ಆಟಗಾರ ಮಣೆ ಹಿಡಿದು ಮೈದಾನದ ನಡುವಿಗೆ ನಡೆದ. ಆಟ ನಿಂತಿತ್ತು, ಮಾಡಲು ಬೇರೆ ಕೆಲಸವಿಲ್ಲದೆ ಇಡೀ ಮೈದಾನ ಅವನೊಬ್ಬನನ್ನೇ ನೋಡುತ್ತಿತ್ತು.

ನಾನು ಓಡಿ ಕ್ರೇಗಿನ ತೋಳು ಹಿಡಿದೆ. "ಮಣೆ ಯಾರು ತರಬೇಕು ಅಂತ ನಿಯಮ ಉಂಟಾ?"

"ಯಾರು ತಂದರೇನು?" ಎಂದ. ನನ್ನ ಯೋಜನೆ ಕೇಳಿ ಅವನು ಮೊದಲು ಬಾಯಿ ತೆರೆದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. "ನಿಧಾನ ಮಾಡಬಾರದು, ಅಷ್ಟೇ" ಎಂದ.

ಹೀಗೆ ಫೈನಲ್ ಶುರುವಾಯಿತು, ಸಭೆಯೂ ಶುರುವಾಯಿತು. ಸೆಮಿಫೈನಲ್ ಗೆದ್ದ ನಮ್ಮವರಿಗೆ ಎದುರಾಳಿ ಫಾದಿಯ ತಂಡ. ಯಾರೇ ಗೆರೆ ದಾಟಲಿ, ಒಬ್ಬ ದಾನಿ ಎದ್ದು ನಿಲ್ಲುವುದು, ಪ್ರೇಮಾ ಪೇಟ ಇಡುವುದು, ಮಂಜುನಾಥ್ ಸರ್ ಶಾಲು ಹೊದಿಸುವುದು, ಅವರು ಮಣೆ ಹಿಡಿದು ಮೈದಾನಕ್ಕೆ ಹೋಗುವುದು, ನಾನು ಮೈಕಿನಲ್ಲಿ ಅವರ ಹೆಸರು, ಊರು, ಕೊಟ್ಟ ವಸ್ತು, ಎಲ್ಲ ಹೇಳುವುದು. ಮೊದಲು ಬಿರಿಯಾನಿಯವರು ಹೋದರು. ಜನರಿಂದ ಎಂಥ ಚಪ್ಪಾಳೆ! ಫಿಲಿಪಿನೋಗಳು ಸೀಟಿ ಹೊಡೆದರು. ಬಿರಿಯಾನಿಯವರು ಮರಳಿ ಬರುವಾಗ ಮದುಮಗನ ಹಾಗೆ ನಾಚಿಕೊಂಡಿದ್ದರು. ನೀರಿನವರು, ಸ್ಪಂಜಿನವರು, ಶಾಮಿಯಾನದವರು, ಒಬ್ಬೊಬ್ಬರಾಗಿ ಹೋಗಿಬಂದರು. ಮಂಜುನಾಥ್ ಸರ್ ತಮ್ಮ ಶಾಲು ತಾವೇ ಹೊದ್ದುಕೊಂಡು ಹೋದರು. ಯಾರೂ ‘ಎರಡು ಮಾತು’ ಕೇಳಲಿಲ್ಲ. ಇಷ್ಟು ಸುಖದ ಸಭೆಯನ್ನು ನಾನು ನಡೆಸಿದ್ದೇ ಇಲ್ಲ.

ನಡುವೆ ಶೇಖರಣ್ಣನ ಬಳಿ ಹೋಗಿ, "ನೀವು ಈಗ ಹೋಗ್ತೀರಾ?" ಎಂದು ಕೇಳಿದೆ.

"ಎಂಥ ಮಾರಾಯ, ಅಧ್ಯಕ್ಷರು ನಡುವಲ್ಲಿ ಎದ್ದು ಹೋಗ್ತಾರಾ? ನಾನು ಕೊನೆಗೆ" ಎಂದರು.

ನಾನೂ ತಲೆಯಾಡಿಸಿದೆ. ನಮ್ಮಿಬ್ಬರಿಗೂ ಅದು ಅಷ್ಟು ಸರಿಯಾಗಿ ಕಂಡಿತು. ಕೊನೆ ಎಂಬುದು ನಮ್ಮ ಕೈಯಲ್ಲಿಲ್ಲ, ಗೆರೆ ದಾಟುವವರ ಕೈಯಲ್ಲಿದೆ ಎಂದು ಹೊಳೆದದ್ದು ಆಮೇಲೆ.

ಎಲ್ಲರೂ ಮುಗಿದು ಶೇಖರಣ್ಣ ಒಬ್ಬರೇ ಉಳಿದಾಗ ಗೆರೆ ದಾಟುವುದು ನಿಂತುಹೋಯಿತು. ನಮ್ಮ ತಂಡ ನಾಲ್ಕು ಅಂಕ ಮುಂದೆ. ದಿನೇಶ ಮತ್ತು ಹುಡುಗರು ನಮ್ಮ ಗೆರೆಯ ಮುಂದೆ ಗೋಡೆ ಕಟ್ಟಿದ ಹಾಗೆ ನಿಂತು, ಬಂದವರನ್ನೆಲ್ಲ ಕೆಡವುತ್ತಿದ್ದರು. ನಮ್ಮ ಜನ ಎದ್ದು ಕುಣಿಯುತ್ತಿದ್ದರು. ಸೂರ್ಯ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿತ್ತು. ಶೇಖರಣ್ಣ ಮಾತ್ರ ಕುರ್ಚಿಯ ತುದಿಯಲ್ಲಿ ಕುಳಿತು, ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಅವರ ಮಗಳು ಫೋನು ಹಿಡಿದು ತಯಾರಾಗಿ ನಿಂತಿದ್ದಳು. ಅವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ದೇವರೇ, ಯಾರಾದರೂ ದಾಟಲಿ ಎಂದುಕೊಂಡೆ. ನಮ್ಮವರಿಗೆ ದಾಟುವ ಯೋಚನೆಯೇ ಇರಲಿಲ್ಲ, ಅವರು ಗೆರೆ ಕಾಯುತ್ತಿದ್ದರು. ಹಾಗಾಗಿ ನಿಮಗೆ ಮಾತ್ರ ಹೇಳುತ್ತೇನೆ, ಕೈಯಲ್ಲಿ ಮೈಕು ಹಿಡಿದು, ನಮ್ಮ ಹುಡುಗರ ಹೆಸರು ಕೂಗುತ್ತಲೇ, ಮನಸ್ಸಿನಲ್ಲಿ ನಾನು ಲೆಬನಾನಿನವರು ದಾಟಲಿ ಎಂದು ಹರಕೆ ಹೊರುತ್ತಿದ್ದೆ.

ದಾಟಿಯೇಬಿಟ್ಟರು! ಮೂಲೆಯಿಂದ ಫಾದಿ ನುಗ್ಗಿ, ಇಬ್ಬರನ್ನು ಹೊತ್ತುಕೊಂಡೇ ಗೆರೆಯ ಮೇಲೆ ಬಿದ್ದ. ಅಂಕ ಸಮ. ಇನ್ನು ಉಳಿದದ್ದು ಆ ಒಂದು ಒದೆ. ದಾಟಿದರೆ ಕಪ್ಪು ಅವರದು.

ನಮ್ಮ ಶಾಮಿಯಾನ ಒಂದೇ ಸಲ ತಣ್ಣಗಾಯಿತು. ಆಗ ಎಲ್ಲರಿಗೂ ನೆನಪಾಯಿತು, ಈ ಒದೆಗೆ ಮಣೆ ಒಯ್ಯಬೇಕಾದವರು ನಮ್ಮ ಅಧ್ಯಕ್ಷರು. "ಬೇಡ ಅಂದ್ಬಿಡ್ರೀ" ಎಂದು ಮಂಜುನಾಥ್ ಸರ್ ನನ್ನ ಕಿವಿಯಲ್ಲಿ ಹೇಳಿದರು, "ನಮ್ಮನ್ನ ಸೋಲ್ಸೋಕೆ ಅವರ ಕೈಲೇ ಮಣೆ ಕಳ್ಸೋದಾ?"

ನಾನು ಏನು ಹೇಳುವುದಕ್ಕೂ ಮೊದಲೇ ಶೇಖರಣ್ಣ ಎದ್ದಾಗಿತ್ತು. ಪ್ರೇಮಾ ಪೇಟ ಇಟ್ಟಳು. ಅವರು ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು. ನಾನು ಅಪ್ಪನ ಗಂಟಲನ್ನೆಲ್ಲ ಎರವಲು ತಂದು ಅವರ ಹೆಸರು, ಅವರ ಮನೆ, ಅವರ ಊರು ಹೇಳಿದೆ, ಒಂದಕ್ಷರ ನುಂಗದೆ ಹೇಳಿದೆ. ಮೊದಲು ಚಪ್ಪಾಳೆ ಹೊಡೆದವರು ಲೆಬನಾನಿನವರು. ಆಮೇಲೆ ಎಲ್ಲರೂ.

ಫಾದಿ ಮಣೆ ಇಟ್ಟು ಚೆಂಡು ನಿಲ್ಲಿಸಿದ. ಗಾಳಿಗೆ ಚೆಂಡು ಉರುಳಿತು. ಮತ್ತೆ ನಿಲ್ಲಿಸಿದ, ಮತ್ತೆ ಉರುಳಿತು. ಅವನ ಜತೆಯವರೆಲ್ಲ ಮಂಡಿಗೆ ಕೈಕೊಟ್ಟು ಏದುಸಿರು ಬಿಡುತ್ತಿದ್ದರು. ಅವನು ಅವರನ್ನು ಬಿಟ್ಟು, ಪಕ್ಕದಲ್ಲೇ ನಿಂತಿದ್ದ ಶೇಖರಣ್ಣನಿಗೆ ಬೆರಳು ತೋರಿಸಿ ಏನೋ ಕೇಳಿದ. ಒಂದು ಬೆರಳಿನಿಂದ ಹಿಡಿದುಕೊಳ್ಳಬೇಕಂತೆ. ಕ್ರೇಗ್ ದಿನೇಶನ ಮುಖ ನೋಡಿದ. ದಿನೇಶ, "ಹಿಡೀಲಿ ಹಿಡೀಲಿ, ಮಾಫಿ ಮುಷ್ಕಿಲ್, ತೊಂದರೆ ಇಲ್ಲ" ಎಂದು ಕೈಯಾಡಿಸಿದ.

ಮೊಣಕಾಲು ನೋವಿನ ಮನುಷ್ಯ ಒಂದು ಕೈ ನೆಲಕ್ಕೆ ಊರಿ ನಿಧಾನವಾಗಿ ಕುಳಿತರು. ಚೆಂಡಿನ ನೆತ್ತಿಯ ಮೇಲೆ ತೋರುಬೆರಳು ಇಟ್ಟರು. ಪೇಟ ಹಣೆಯಿಂದ ಹುಬ್ಬಿಗೆ ಜಾರಿತು, ಹುಬ್ಬಿನಿಂದ ಕಣ್ಣಿಗೆ ಬಂತು. ಅವರು ಕೈ ತೆಗೆಯಲಿಲ್ಲ. ನಾನಾಗಿಯೇ ಮೈಕು ಕೆಳಗಿಳಿಸಿದೆ.

ಫಾದಿ ಓಡಿಬಂದು ಒದ್ದ. ಚೆಂಡು ಕಂಬಗಳ ನಡುವೆ, ನಟ್ಟನಡುವೆ ಹೋಯಿತು.

ನಾವು ಸೋತೆವು. ಬಾಂಗ್ ಕೇಳಿಸುವ ಮೊದಲೇ ಶೇಖರಣ್ಣ, ತಮ್ಮ ಹೆಂಡತಿ ಮಗಳನ್ನೂ ಜತೆಗೆ ನಿಲ್ಲಿಸಿಕೊಂಡು, ಫಾದಿಯ ಕೈಗೆ ಕಪ್ಪು ಕೊಟ್ಟರು. ಗೇಟಿನವನು ಬೀಗ ಹಿಡಿದು ಬಂದಾಗ ಮೈದಾನದಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಕ್ರೇಗ್ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು.

ಹೊರಗೆ ಕಾರುಗಳ ಬಳಿ ಬಿರಿಯಾನಿ ಹಂಚುತ್ತಿದ್ದೆವು. ಮಂಜುನಾಥ್ ಸರ್‌ಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಅಲ್ಲಾ ಶೇಖರಣ್ಣ, ಬೆರಳು ಒಂಚೂರು, ಒಂದೇ ಒಂಚೂರು ಅಲ್ಲಾಡ್ಸಿದ್ರೆ ಅರ್ಧ ಕಪ್ಪಾದ್ರೂ ನಮ್ದಾಗ್ತಿತ್ತಲ್ರೀ?" ಎಂದರು.

ಶೇಖರಣ್ಣ ತುತ್ತು ಕೈಯಲ್ಲೇ ಹಿಡಿದು ಅವರನ್ನು ನೋಡಿದರು. "ಅಲ್ಲಾಡಿಸುದಾ? ಇಡೀ ಮೈದಾನ ನೋಡ್ತಿತ್ತು ಮಾರಾಯ್ರೇ. ನಾನು ಉಸಿರೇ ಬಿಡ್ಲಿಲ್ಲ."

ನಾನೂ ಬಿಟ್ಟಿರಲಿಲ್ಲ. ಆಗ ಬಿಟ್ಟೆ.